ಬಣ್ಣ ಬದಲಿಸುವ ಮುನ್ನ ತಗಡು ನೋಡು

ಮೊನ್ನೆ ಭಾನುವಾರ ನೀನು ಯಡಿಯೂರು ಕೆರೆ ಪಕ್ಕದ ನಮ್ಮ ಬೀದಿಗೆ ಹೊಸದಾಗಿ ಕೊಂಡ ಹಳೇ ಕಾರು ತಂದು ನಿಲ್ಲಿಸಿದೆ. ಬಂದವನೇ ಫೋನಿನಲ್ಲಿ ಒಂದು ಚಿತ್ರ ತೋರಿಸಿದೆ. ಮಿಲಿಟರಿ ಜೀಪಿನ ಹಸಿರು, ಹೊಳಪಿಲ್ಲದ ಮ್ಯಾಟ್. "ತಾತ, ಪೇಂಟ್ ಮಾಡಿಸೋ ರಗಳೆನೇ ಬೇಡ. ಸ್ಟಿಕ್ಕರ್ ರ‍್ಯಾಪ್ ಮಾಡಿಸಿಬಿಟ್ರೆ ಮೂರೇ ದಿನಕ್ಕೆ ಹೊಸ ಗಾಡಿ" ಅಂದೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಜ್ಜಿ ಕಾಫಿಗೆ ಕರೆದಳು, ಮಾತು ಬೇರೆಲ್ಲೋ ಹೋಯಿತು. ನೀನು ಹೊರಟ ಮೇಲೆ ಮನಸ್ಸು ತಡೆಯಲಿಲ್ಲ. ಎದುರಿಗೆ ಕೂತು ಹೇಳಿದರೆ ಅರ್ಧ ಮರೆಯುತ್ತೇನೆ, ಇನ್ನರ್ಧಕ್ಕೆ ನಿನ್ನ ಫೋನು ಹೊಡೆದುಕೊಳ್ಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಸಮಾಧಾನವಾಗಿ ಓದು. ನಿನ್ನ ಸ್ನೇಹಿತರಿಗೂ ಓದಿಸು, ಅವರಲ್ಲೂ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರೇ ಹೆಚ್ಚು.

ನೀನು ಒಳಗೆ ಕಾಫಿ ಕುಡಿಯುತ್ತಿದ್ದಾಗ ನಾನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದೆ. 1974ರಲ್ಲಿ ಚನ್ನಪಟ್ಟಣದಿಂದ ಬಂದು ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ಕಾರಿನ ಬಣ್ಣ ಉಜ್ಜುವ ವಾಟರ್ ಪೇಪರ್ ಹಿಡಿದವನು, 2012ರಲ್ಲಿ ನನ್ನ ಶೆಡ್ಡಿನ ಬಾಗಿಲು ಹಾಕುವವರೆಗೂ ಕೈಬಿಡಲಿಲ್ಲ. ಕಾರು ಕಂಡರೆ ಈ ಕೈ ಸುಮ್ಮನಿರುವುದಿಲ್ಲ. ಟಾಪಿನ ಮೇಲೆ ಹೆಬ್ಬೆರಳು ಆಡಿಸಿದೆ. ಬಣ್ಣದ ಮೇಲಿನ ಕ್ಲಿಯರ್ ಕೋಟು ಈರುಳ್ಳಿಯ ಒಣ ಸಿಪ್ಪೆಯ ಹಾಗೆ ಎದ್ದು ಬಂತು, ಉಗುರಿಗೆ ಅಂಟಿಕೊಂಡಿತು. ಪೆಟ್ರೋಲ್ ಮುಚ್ಚಳದ ಕೆಂಪು ಒಂದು, ಅದರ ಪಕ್ಕದ ಬಾಗಿಲಿನ ಕೆಂಪು ಇನ್ನೊಂದು. ಹಿಂದಿನ ಎಡ ಬಾಗಿಲು ತೆರೆದು ರಬ್ಬರ್ ಬೀಡಿಂಗ್ ಮಡಚಿ ನೋಡಿದೆ. ಕಪ್ಪು ರಬ್ಬರಿನ ಮೇಲೆ ಕೆಂಪು ತುಂತುರು. ಅಂದರೆ ಆ ಬಾಗಿಲಿಗೆ ಯಾರೋ ರಬ್ಬರು ಕಳಚದೆ ಗನ್ ಹೊಡೆದಿದ್ದಾರೆ. ಕೆಳಗಿನ ಅಂಚಿನಲ್ಲಿ ಅವರೆಕಾಳು ಗಾತ್ರದ ಎರಡು ಬೊಬ್ಬೆ. ಒತ್ತಿದರೆ ಒಳಗೆ ಕರಕರ ಅಂದಿತು.

ಆ ಕರಕರ ನನಗೆ ಚೆನ್ನಾಗಿ ಗೊತ್ತಿರುವ ಸದ್ದು. ಅದು ತುಕ್ಕು.

ಮೊದಲು ಒಂದು ವಿಷಯ ತಿಳಿಸಿಬಿಡುತ್ತೇನೆ. ಪೇಂಟಿನವನು ಸ್ಟಿಕ್ಕರ್ ಕೆಲಸವನ್ನು ಕೀಳಾಗಿ ಕಾಣುತ್ತಾನೆ ಅಂದುಕೊಳ್ಳಬೇಡ. ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ಗೌರವ ಯಾಕೆ ಅನ್ನುವುದು ತಿಳಿಯಬೇಕಾದರೆ ಕಾರಿನ ಮೈಮೇಲಿರುವ ಬಣ್ಣ ಎಂಥದ್ದು ಅಂತ ನಿನಗೆ ಗೊತ್ತಿರಬೇಕು.

ನಮ್ಮೂರು ಚನ್ನಪಟ್ಟಣದಲ್ಲಿ ಗೊಂಬೆಗೆ ಬಣ್ಣ ಹಾಕುವುದನ್ನು ನೋಡಿದ್ದೀಯಲ್ಲ. ಹಾಲೆ ಮರದ ತುಂಡು ತಿರುಗಣೆಯಲ್ಲಿ ಗಿರಗಿರ ತಿರುಗುತ್ತಿರುತ್ತದೆ, ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಕಚ್ಚಿಕೊಳ್ಳುತ್ತದೆ, ಮೇಲೆ ಗರಿ ಒತ್ತಿದರೆ ಮೆರುಗು ಬರುತ್ತದೆ. ಬಿಸಿಯಲ್ಲಿ ಕಚ್ಚಿದ ಬಣ್ಣ ಅದು, ಮಗು ಬಾಯಿಗೆ ಹಾಕಿಕೊಂಡರೂ ಬಿಡುವುದಿಲ್ಲ. ಕಾರಿನ ಕಾರ್ಖಾನೆಯ ಬಣ್ಣವೂ ಅದೇ ಜಾತಿಯದು. ಸೀಟಿಲ್ಲ, ವೈರಿಲ್ಲ, ಗಾಜಿಲ್ಲ, ಬರಿಯ ತಗಡಿನ ಮೈಯನ್ನು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಮೂಲೆಮೂಲೆಗೂ ಪ್ರೈಮರ್ ಕೂರಿಸುತ್ತಾರೆ. ಆಮೇಲೆ 160, 180 ಡಿಗ್ರಿ ಬಿಸಿಯ ಒಲೆಯಲ್ಲಿ ಬೇಯಿಸುತ್ತಾರೆ. ಅದರ ಮೇಲೆ ಸರ್ಫೇಸರ್, ಬಣ್ಣ, ಕ್ಲಿಯರ್, ಮತ್ತೆ ಬೇಯಿಸುವುದು. ಇಷ್ಟೆಲ್ಲ ಪದರ ಸೇರಿ ಸುಮಾರು 100 ಮೈಕ್ರಾನ್, ತಲೆಗೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ.

ನಮ್ಮ ಶೆಡ್ಡಿಗೆ ಬಂದ ಕಾರನ್ನು ಹಾಗೆ ಬೇಯಿಸಲು ಆಗುವುದಿಲ್ಲ. ಡ್ಯಾಶ್‌ಬೋರ್ಡು ಕರಗುತ್ತದೆ, ವೈರು ಸುಡುತ್ತದೆ. ಒಳ್ಳೆಯ ಬೂತ್ ಇದ್ದವರೂ 60 ಡಿಗ್ರಿ ಆಸುಪಾಸಿನಲ್ಲೇ ಒಣಗಿಸಬೇಕು. ಬೂತ್ ಇಲ್ಲದ ಕಾಲದಲ್ಲಿ ನಾವು ನೆಲಕ್ಕೆ ನೀರು ಚಿಮುಕಿಸಿ ದೂಳು ಕೂರಿಸಿ, ಬೆಳಗಿನ ಜಾವ ಗಾಳಿ ಏಳುವ ಮುನ್ನ ಗನ್ ಹೊಡೆಯುತ್ತಿದ್ದೆವು. ಎಷ್ಟೇ ಕೈಚಳಕ ಇದ್ದರೂ ಕಾರ್ಖಾನೆಯ ಬೇಯಿಸಿದ ಪದರಕ್ಕೆ ನಾವು ಹಾಕಿದ್ದು ಸಮನಾಗಲಿಲ್ಲ. ಇದನ್ನು ಆ ಕೆಲಸದಲ್ಲೇ ಬದುಕಿದವನು ಹೇಳುತ್ತಿದ್ದೇನೆ. ಆದ್ದರಿಂದ ಮೂಲ ಬಣ್ಣ ಗಟ್ಟಿಯಾಗಿರುವ ಕಾರನ್ನು ಬರೀ ಬಣ್ಣ ಬೇಸರವಾಯಿತು ಅಂತ ಉಜ್ಜಿ ಹೊಸ ಪೇಂಟ್ ಹೊಡೆಸುವುದು ತಪ್ಪು. ಒಮ್ಮೆ ವಾಟರ್ ಪೇಪರ್ ಬಿದ್ದ ಮೇಲೆ ಆ ಪದರ ಮತ್ತೆ ಬರುವುದಿಲ್ಲ. ಅಂಥ ಕಾರಿಗೆ ವಿನೈಲ್ ಹೊದಿಕೆ ನಿಜವಾಗಿ ಒಳ್ಳೆಯದು. ಮೂಲ ಬಣ್ಣ ಕೆಳಗೆ ಜೋಪಾನವಾಗಿರುತ್ತದೆ, ನಾಲ್ಕೈದು ವರ್ಷದ ಮೇಲೆ ಕಿತ್ತರೆ ಇದ್ದ ಹಾಗೇ ಸಿಗುತ್ತದೆ. ಜರ್ಮನಿಯಲ್ಲಿ ಟ್ಯಾಕ್ಸಿ ಅಂದರೆ ದಂತದ ಬಣ್ಣವೇ ಇರಬೇಕು ಅಂತ ಬಹಳ ಕಾಲ ಕಾನೂನಿತ್ತು. ಅಲ್ಲಿನವರು ಬೇರೆ ಬಣ್ಣದ ಕಾರು ಕೊಂಡು, ಮೇಲೆ ದಂತದ ಬಣ್ಣದ ಫಿಲ್ಮ್ ಹೊದಿಸಿ ಟ್ಯಾಕ್ಸಿ ಓಡಿಸಿ, ಮಾರುವಾಗ ಫಿಲ್ಮ್ ಕಿತ್ತು ಮೊದಲಿನ ಬಣ್ಣದಲ್ಲೇ ಮಾರುತ್ತಿದ್ದರು. ನಮ್ಮಲ್ಲೂ ಬಿಎಂಟಿಸಿ ಬಸ್ಸಿನ ಮೈತುಂಬ ಜಾಹೀರಾತು ಹೊದಿಸಿದ್ದನ್ನು ನೋಡುತ್ತಲೇ ಬೆಳೆದಿದ್ದೀಯ.

ಇನ್ನೊಂದು ಕಾರಣಕ್ಕೂ ನನಗೆ ಅದು ಇಷ್ಟ. ನಾನು ಕೆಲಸಕ್ಕೆ ಸೇರಿದಾಗ ಎಲ್ಲ ಎನ್.ಸಿ., ಅಂದರೆ ನೈಟ್ರೋಸೆಲ್ಯುಲೋಸ್ ಪೇಂಟು. ಹಳಬರು ಅದನ್ನು ಡ್ಯೂಕೋ ಅನ್ನುತ್ತಿದ್ದರು, ಅಮೆರಿಕದ ಡ್ಯೂಪಾಂಟ್ ಕಂಪನಿ 1920ರ ದಶಕದಲ್ಲಿ ತಂದ ಬಣ್ಣದ ಹೆಸರು ಜೆ.ಸಿ. ರಸ್ತೆಯ ಗಲ್ಲಿವರೆಗೂ ಬಂದು ಉಳಿದಿತ್ತು. ಆಮೇಲೆ ಹಾರ್ಡನರ್ ಬೆರೆಸುವ ಪಿಯು ಪೇಂಟು ಬಂತು. ಹೊಳಪು ಕಣ್ಣು ಕೋರೈಸುತ್ತಿತ್ತು. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಅದರ ಮಂಜು ಎದೆಗೆ ಹೋದರೆ ಉಬ್ಬಸ ಕಟ್ಟಿಟ್ಟದ್ದು ಅಂತ ಯಾರೂ ನಮಗೆ ಹೇಳಲಿಲ್ಲ. ಮೂಗಿಗೆ ಕರ್ಚೀಫು ಕಟ್ಟಿಕೊಂಡು ದಿನಕ್ಕೆರಡು ಕಾರು ಹೊಡೆಯುತ್ತಿದ್ದೆವು. ನನ್ನ ಜೊತೆ ಕೆಲಸ ಕಲಿತ ಇಬ್ಬರು ಐವತ್ತು ದಾಟುವ ಮುನ್ನವೇ ಇನ್‌ಹೇಲರ್ ಹಿಡಿದರು. ನಾನು ಈಗ ಸೌತ್ ಎಂಡ್ ಮೆಟ್ರೋ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವುದನ್ನು ನೀನೇ ನೋಡಿದ್ದೀಯ. ರ‍್ಯಾಪಿಂಗ್ ಮಾಡುವ ಹುಡುಗರು ಆ ಮಂಜು ಕುಡಿಯುವುದಿಲ್ಲ. ಅಷ್ಟಕ್ಕಾದರೂ ಆ ಕೆಲಸ ಬೆಳೆಯಲಿ.

ಈಗ ಆ ಫಿಲ್ಮಿನ ವಿಷಯ. ನಾವೆಲ್ಲ ಅದಕ್ಕೆ ಸ್ಟಿಕ್ಕರ್ ಅನ್ನುತ್ತೇವೆ, ಅಂಗಡಿಗೆ ರೇಡಿಯಂ ಅಂಗಡಿ ಅನ್ನುತ್ತೇವೆ. ನವೆಂಬರಿನಲ್ಲಿ ಅರಿಶಿನ-ಕುಂಕುಮ ಬಣ್ಣದ ಬಾವುಟ, ಆಟೋ ಹಿಂದೆ ಅಪ್ಪು ನಗುಮುಖ, ಬೈಕಿಗೆ ದೇವರ ಹೆಸರು, ಎಲ್ಲ ಕತ್ತರಿಸಿ ಕೊಡುವವರು ಅವರೇ. ಆದರೆ ನಂಬರ್ ಪ್ಲೇಟ್ ಪಕ್ಕದ ಚೂರು ಸ್ಟಿಕ್ಕರಿಗೂ ಇಡೀ ಕಾರಿಗೆ ಹೊದಿಸುವ ಫಿಲ್ಮಿಗೂ ಅಜಗಜಾಂತರ. ಎರಡೂ ಪಿವಿಸಿಯೇ, ಮಾಡುವ ರೀತಿ ಬೇರೆ. ಒಂದನ್ನು ಚಪಾತಿ ಲಟ್ಟಿಸಿದ ಹಾಗೆ ಬಿಸಿ ರೋಲರುಗಳ ನಡುವೆ ಹಾಯಿಸಿ ತೆಳ್ಳಗೆ ಮಾಡುತ್ತಾರೆ. ಅದಕ್ಕೆ ಕ್ಯಾಲೆಂಡರ್ಡ್ ಫಿಲ್ಮ್ ಅನ್ನುತ್ತಾರೆ. ಇನ್ನೊಂದನ್ನು ನೀರುದೋಸೆ ಹಿಟ್ಟು ಹುಯ್ದ ಹಾಗೆ ದ್ರವವಾಗಿಯೇ ಹಾಳೆಯ ಮೇಲೆ ಹರಡಿ ಬೇಯಿಸುತ್ತಾರೆ. ಅದು ಕಾಸ್ಟ್ ಫಿಲ್ಮ್. ಲಟ್ಟಿಸಿದ್ದಕ್ಕೆ ಎಳೆತದ ನೆನಪು ಹೋಗುವುದಿಲ್ಲ, ಬಿಸಿಲು ಬಿದ್ದಾಗಲೆಲ್ಲ ಮೊದಲಿನ ಗಾತ್ರಕ್ಕೆ ಕುಗ್ಗಲು ನೋಡುತ್ತದೆ. ಅಂಚು ಹಿಂದೆ ಸರಿದು ಕೆಳಗಿನ ಬಣ್ಣ ಗೆರೆಯಾಗಿ ಕಾಣುತ್ತದೆ, ಬಂಪರಿನ ತಗ್ಗುಗಳಲ್ಲಿ ಟೊಪ್ಪಿಯಂತೆ ಎದ್ದು ನಿಲ್ಲುತ್ತದೆ. ಹುಯ್ದು ಮಾಡಿದ್ದಕ್ಕೆ ಆ ಎಳೆತವೇ ಇಲ್ಲ. ಅಂಟೂ ಸೇರಿ 90 ಮೈಕ್ರಾನ್ ಹತ್ತಿರ ಇರುತ್ತದೆ, ಬಿಸಿ ಮಾಡಿದರೆ ಕನ್ನಡಿಯ ಉಬ್ಬಿಗೂ ಚರ್ಮದ ಹಾಗೆ ಕೂರುತ್ತದೆ. ಕಾರಿಗೆ ಬೇಕಾದದ್ದು ಅದು.

ಅಂಗಡಿಯವನು ಎರಡಕ್ಕೂ "ಇಂಪೋರ್ಟೆಡ್ ಸಾರ್" ಅಂದೇ ಹೇಳುತ್ತಾನೆ. ಮೋಸ ಹೋಗದಿರಲು ಒಂದು ಸುಲಭ ಲೆಕ್ಕ ಹೇಳುತ್ತೇನೆ. ಈ ಫಿಲ್ಮಿನ ರೋಲು 5 ಅಡಿ ಅಗಲ ಇರುತ್ತದೆ. ನಿನ್ನಂಥ ಸಣ್ಣ ಕಾರಿಗೆ ಕಡಿಮೆಯೆಂದರೂ 15 ಮೀಟರ್ ಬೇಕು. ತ್ರೀಎಂ, ಏವರಿ ಡೆನಿಸನ್, ಒರಾಕಲ್, ಯಾವುದೇ ಇರಲಿ, ಅವನು ಹೇಳುವ ಕಂಪನಿಯ ಕಾಸ್ಟ್ ಫಿಲ್ಮಿನ ಮೀಟರ್ ಬೆಲೆ ಎಷ್ಟು ಅಂತ ಬೇರೆ ಇಬ್ಬರು ಮಾರಾಟಗಾರರನ್ನು ಕೇಳು. ಅದನ್ನು 15ರಿಂದ ಗುಣಿಸು. ಕೂಲಿ ಸೇರಿಸಿ ಅವನು ಹೇಳಿದ ಒಟ್ಟು ದುಡ್ಡು ಆ ಗುಣಾಕಾರಕ್ಕಿಂತ ಕಡಿಮೆ ಇದ್ದರೆ ಅವನು ಹಾಕುವುದು ಆ ಫಿಲ್ಮ್ ಆಗಿರಲು ಸಾಧ್ಯವೇ ಇಲ್ಲ. ರೋಲನ್ನು ನಿನ್ನೆದುರಿಗೇ ಡಬ್ಬಿಯಿಂದ ತೆಗೆಸು, ಹಿಂಬದಿಯ ಕಾಗದದ ಮೇಲಿನ ಹೆಸರು ಓದು, ಬಿಲ್ಲಿನಲ್ಲಿ ಸೀರೀಸ್ ನಂಬರ್ ಬರೆಸು. ತ್ರೀಎಂ ಕಂಪನಿಯ ಭಾರತದ ಶಾಖೆ ಇರುವುದೇ ನಮ್ಮ ಬೆಂಗಳೂರಿನಲ್ಲಿ. ಅಸಲಿ ಹೌದೋ ಅಲ್ಲವೋ ವಿಚಾರಿಸಲು ದೂರ ಹೋಗಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ನಿನ್ನ ಕಾರಿಗೆ ಬರುತ್ತೇನೆ. ಫಿಲ್ಮ್ ಬಟ್ಟೆಯ ಹಾಗೆ. ಹುಣ್ಣಿನ ಮೇಲೆ ರೇಷ್ಮೆ ಉಟ್ಟರೆ ಹುಣ್ಣು ವಾಸಿಯಾಗುವುದಿಲ್ಲ. ಟಾಪಿನ ಮೇಲೆ ಕ್ಲಿಯರ್ ಕೋಟು ಏಳುತ್ತಿದೆಯಲ್ಲ, ಫಿಲ್ಮಿನ ಅಂಟು ಹಿಡಿಯುವುದು ಆ ಏಳುತ್ತಿರುವ ಸಿಪ್ಪೆಯನ್ನು. ಸಿಪ್ಪೆ ಕೆಳಗಿನ ಬಣ್ಣವನ್ನು ಬಿಟ್ಟಾಗ ಫಿಲ್ಮೂ ಅದರ ಜೊತೆಗೇ ಬಿಡುತ್ತದೆ. ಕೆಳಗೆ ಕೂದಲಷ್ಟು ಏರುತಗ್ಗಿದ್ದರೂ ಮೇಲೆ ಎದ್ದು ಕಾಣುತ್ತದೆ, ಹೊಳಪಿನ ಫಿಲ್ಮಿನಲ್ಲಂತೂ ಇನ್ನೂ ಹೆಚ್ಚು. ನೆಗ್ಗು, ಗೀರು, ಕಲ್ಲೇಟು, ಯಾವುದನ್ನೂ ಅದು ಮುಚ್ಚುವುದಿಲ್ಲ. ಬಾಗಿಲಿನ ಆ ಬೊಬ್ಬೆ ಒಳಗೊಳಗೇ ಬೆಳೆಯುತ್ತದೆ. ನಿನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಅಂಚಿನ ತಗಡು ಹಪ್ಪಳವಾಗಿರುತ್ತದೆ. ಕಿತ್ತು ತೆಗೆಯುವ ದಿನ ಬಂದಾಗ ಇನ್ನೂ ದೊಡ್ಡ ಕಷ್ಟ. ಕಾರ್ಖಾನೆಯ ಬಣ್ಣ ಫಿಲ್ಮಿನ ಎಳೆತ ತಡೆಯುತ್ತದೆ. ರಬ್ಬರು ಕಳಚದೆ ಅವಸರಕ್ಕೆ ಹೊಡೆದ ಆ ಬಾಗಿಲಿನ ಪೇಂಟು ಫಿಲ್ಮಿನ ಜೊತೆ ಹಾಳೆಹಾಳೆಯಾಗಿ ಎದ್ದು ಬರುತ್ತದೆ.

ಮುಚ್ಚಿದ್ದು ಎದ್ದು ಬರುವುದನ್ನು ನಾನು ನನ್ನ ಕೈಯಾರೆ ಮಾಡಿ ಕಂಡವನು. 1986ರಲ್ಲಿ ಒಬ್ಬ ಡಾಕ್ಟರು ತಮ್ಮ ಪ್ರೀಮಿಯರ್ ಪದ್ಮಿನಿ ತಂದುಕೊಟ್ಟರು. ಆಯುಧ ಪೂಜೆಗೆ ನಾಲ್ಕೇ ದಿನ, ಶೆಡ್ಡಿನ ತುಂಬ ಗಾಡಿ. ಹಿಂದಿನ ಚಕ್ರದ ಕಮಾನಿನಲ್ಲಿ ಅಂಗೈಯಗಲ ತುಕ್ಕು ಹಿಡಿದಿತ್ತು. ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಬೇಕಿತ್ತು. ನಾನು ತಂತಿ ಬ್ರಷ್ಷಿನಲ್ಲಿ ನಾಲ್ಕು ಸಲ ಉಜ್ಜಿ, ಪುಟ್ಟಿ ಮೆತ್ತಿ, ಮೇಲೆ ಬಿಳಿ ಬಣ್ಣ ಹೊಡೆದು ಕೊಟ್ಟೆ. ಹಾಲಿನಂತೆ ಕಾಣುತ್ತಿತ್ತು. ಅವರು ಮೆಚ್ಚಿ ಐವತ್ತು ರೂಪಾಯಿ ಹೆಚ್ಚಿಗೆ ಕೊಟ್ಟರು, ನಾನು ತೆಗೆದುಕೊಂಡೆ. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಅದೇ ಕಾರು ತಂದು ನಿಲ್ಲಿಸಿದರು. ಬೈಯಲಿಲ್ಲ. ನನ್ನೆದುರಿಗೆ ಬಗ್ಗಿ, ಆ ಜಾಗಕ್ಕೆ ಒಂದು ಬೆರಳಿಟ್ಟು ಒತ್ತಿದರು. ಬೆರಳು ಒಳಗೆ ಹೋಯಿತು. ಬಿಟ್ಟಿಯಾಗಿ ತಗಡು ಹಾಕಿಕೊಟ್ಟೆ, ಆ ಐವತ್ತು ರೂಪಾಯಿಯನ್ನೂ ವಾಪಸು ಕೊಟ್ಟೆ. ಆದರೆ ಆ ಬೆರಳು ಒಳಗೆ ಹೋದದ್ದು ಈಗಲೂ ಕಣ್ಣಮುಂದಿದೆ. ಅದಾದ ಮೇಲೆ ತುಕ್ಕಿನ ಮೇಲೆ ನಾನು ಪುಟ್ಟಿ ಹಾಕಲಿಲ್ಲ. ಅವಸರದ ಗಿರಾಕಿ ಬೇರೆ ಶೆಡ್ಡಿಗೆ ಹೋದರೂ ಸರಿ ಅಂದುಕೊಂಡೆ.

ತಗಡು ಗಟ್ಟಿ ಇದೆಯೋ ಇಲ್ಲವೋ ಅಂತ ನೀನೇ ಪರೀಕ್ಷಿಸಬಹುದು, ಯಾವ ಯಂತ್ರವೂ ಬೇಡ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥ ಒಂದು ಸಣ್ಣ ಅಯಸ್ಕಾಂತಕ್ಕೆ ತೆಳ್ಳನೆ ಬಟ್ಟೆ ಸುತ್ತಿ ಮೈಮೇಲೆಲ್ಲ ಸರಿಸು. ತಗಡಿದ್ದ ಕಡೆ ಎಳೆದು ಹಿಡಿಯುತ್ತದೆ, ಪುಟ್ಟಿ ದಪ್ಪ ಇದ್ದ ಕಡೆ ಜಾರುತ್ತದೆ. ಬಂಪರು ಪ್ಲಾಸ್ಟಿಕ್, ಅಲ್ಲಿ ಹಿಡಿಯುವುದಿಲ್ಲ, ಗಾಬರಿಯಾಗಬೇಡ. ಆಮೇಲೆ ಮಾಸ್ಕಿಂಗ್ ಟೇಪಿಗಿಂತ ಗಟ್ಟಿ ಅಂಟಿನ ಟೇಪೊಂದನ್ನು ಅನುಮಾನ ಇರುವ ಜಾಗಕ್ಕೆ ಉಜ್ಜಿ ಅಂಟಿಸಿ, ಒಂದೇ ಎಳೆತಕ್ಕೆ ಕೀಳು. ಟೇಪಿನ ಜೊತೆ ಬಣ್ಣದ ಚೂರು ಬಂದರೆ ಅಲ್ಲಿ ಫಿಲ್ಮ್ ಹಾಕಿಸುವ ಮಾತೇ ಇಲ್ಲ. ಬಾನೆಟ್ಟಿನ ಬೋಲ್ಟುಗಳನ್ನು ನೋಡು. ತಲೆಯ ಮೇಲಿನ ಬಣ್ಣ ಕಿತ್ತಿದ್ದರೆ ಯಾವಾಗಲೋ ಅದನ್ನು ಬಿಚ್ಚಿದ್ದಾರೆ ಅಂತ ಅರ್ಥ. ಬೆಳಗ್ಗೆ ಕಾರು ತೊಳೆದು ಮೈ ಒದ್ದೆ ಇರುವಾಗ ಎಳೆಬಿಸಿಲಲ್ಲಿ ಓರೆಯಾಗಿ ನೋಡಿದರೆ ನೆಗ್ಗುಗಳು ತಾವಾಗಿಯೇ ಹೇಳಿಕೊಳ್ಳುತ್ತವೆ.

ಹೊಸದಾಗಿ ಪೇಂಟ್ ಹೊಡೆಸಿದ ಭಾಗಕ್ಕೆ ಮರುದಿನವೇ ಫಿಲ್ಮ್ ಹಾಕಿಸಬಾರದು. ಮುಟ್ಟಿದರೆ ಒಣಗಿದ ಹಾಗೆ ಕಂಡರೂ ಒಳಗಿನ ಥಿನ್ನರ್ ಹೊರಬರುತ್ತಲೇ ಇರುತ್ತದೆ. ಮೇಲೆ ಮುಚ್ಚಿದರೆ ಗುಳ್ಳೆ ಏಳುತ್ತದೆ. ಕೆಲವು ವಾರ ಬಿಸಿಲು-ಗಾಳಿಗೆ ಬಿಟ್ಟು ಆಮೇಲೆ ಯೋಚಿಸು.

ಕೆಲಸ ಮಾಡುವವನ ಕೈ ಫಿಲ್ಮಿನಷ್ಟೇ ಮುಖ್ಯ. ನಮ್ಮ ಬೀದಿಯ ಕೊನೆಯ ಮನೆಯ ಹುಡುಗ ಹೋದ ವರ್ಷ ಬೂದಿ ಬಣ್ಣದ ಫಿಲ್ಮ್ ಹಾಕಿಸಿದ. ಯಾರ ಹತ್ತಿರ ಅನ್ನುವುದು ಬೇಡ. ಬಾಗಿಲ ಹಿಡಿ ಕಳಚದೆ, ಲೈಟು ಬಿಚ್ಚದೆ, ಎಲ್ಲದರ ಸುತ್ತ ಬ್ಲೇಡಿನಲ್ಲಿ ಕೊಯ್ದು ಮುಗಿಸಿದ್ದರು. ಮಾರುವ ಸಲುವಾಗಿ ಫಿಲ್ಮ್ ತೆಗೆಸಿದಾಗ ನನ್ನನ್ನು ಕರೆದು ತೋರಿಸಿದ: ಪ್ರತಿ ಬಾಗಿಲ ಅಂಚಿಗೂ, ಪ್ರತಿ ಹಿಡಿಯ ಸುತ್ತಲೂ ಸೂಜಿಯಲ್ಲಿ ಗೀಚಿದಂಥ ಗೆರೆ. ಬ್ಲೇಡು ಫಿಲ್ಮ್ ದಾಟಿ ಕ್ಲಿಯರ್ ಕೋಟು ಕೊಯ್ದಿತ್ತು. ಮಳೆ ನೀರು ಮೊದಲು ಇಳಿಯುವುದೇ ಅಂಥ ಗೆರೆಯೊಳಗೆ. ಕೆಲಸ ತಿಳಿದವರು ಹಿಡಿ, ಲೈಟು, ಕನ್ನಡಿ, ಬೇಕಾದರೆ ಬಂಪರನ್ನೂ ಬಿಚ್ಚುತ್ತಾರೆ. ಕೊಯ್ಯಬೇಕಾದ ಕಡೆ ಮೊದಲು ದಾರವಿರುವ ಒಂದು ತೆಳು ಟೇಪು ಅಂಟಿಸಿ, ಮೇಲೆ ಫಿಲ್ಮ್ ಕೂರಿಸಿ, ಆ ದಾರ ಎಳೆದೇ ಫಿಲ್ಮ್ ಸೀಳುತ್ತಾರೆ. ಬ್ಲೇಡು ಬಣ್ಣಕ್ಕೆ ತಾಗುವುದೇ ಇಲ್ಲ. ಅಂಚನ್ನು ಒಳಕ್ಕೆ ಮಡಚುತ್ತಾರೆ. ಕೊನೆಗೆ ಎಳೆದು ಕೂರಿಸಿದ ಜಾಗಗಳಿಗೆಲ್ಲ ಹೀಟ್ ಗನ್ ಹಿಡಿದು 90 ಡಿಗ್ರಿಗೂ ಮೇಲೆ ಬಿಸಿ ಮಾಡಿ, ಥರ್ಮಾಮೀಟರಿನಲ್ಲಿ ಅಳೆದು ನೋಡುತ್ತಾರೆ. ಫಿಲ್ಮ್ ಹೊಸ ಆಕಾರವನ್ನು ಒಪ್ಪಿಕೊಳ್ಳುವುದು ಆ ಬಿಸಿಗೇ. ಈ ಕೊನೆಯ ಕೆಲಸ ಬಿಟ್ಟರೆ ತಿಂಗಳೊಳಗೆ ಮೂಲೆಗಳು ಎದ್ದು ನಿಲ್ಲುತ್ತವೆ. ಅಂಗಡಿಗೆ ಹೋದಾಗ ಹೊಳೆಯುವ ಹೊಸ ಕಾರು ತೋರಿಸುತ್ತಾರೆ. ನೀನು ಎರಡು ವರ್ಷದ ಹಿಂದೆ ಮಾಡಿದ ಕಾರು ತೋರಿಸಿ ಅನ್ನು. ಅದರ ಬಂಪರಿನ ಮೂಲೆ ನೋಡಿ ತೀರ್ಮಾನಿಸು. ರಸ್ತೆ ಬದಿಯಲ್ಲಿ, ಮರದ ಕೆಳಗೆ ಮಾಡುವವರ ಹತ್ತಿರ ಹೋಗಬೇಡ. ದೂಳಿನ ಒಂದು ಕಣ ಒಳಗೆ ಸೇರಿದರೂ ಅದು ಮೊಡವೆಯ ಹಾಗೆ ಅಲ್ಲೇ ಇರುತ್ತದೆ.

ಇನ್ನು ಕಾನೂನು. ನೀನು ತೋರಿಸಿದ ಆ ಹಸಿರನ್ನು ಮರೆತುಬಿಡು. ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ಬೇರೆ ಯಾವ ವಾಹನಕ್ಕೂ ಆ ಬಣ್ಣ ಕೂಡದು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಹೇಳುತ್ತದೆ. ಪೇಂಟ್ ಅಲ್ಲ ಸ್ಟಿಕ್ಕರು ಅಂತ ಸಿಗ್ನಲ್ಲಿನಲ್ಲಿ ವಾದ ಮಾಡುತ್ತ ನಿಲ್ಲುವ ಸ್ಥಿತಿ ನಿನಗೆ ಬೇಡ. ಬೇರೆ ಬಣ್ಣವಾದರೂ ನಿನ್ನ ಆರ್‌ಸಿಯಲ್ಲಿ ಕೆಂಪು ಅಂತ ಬರೆದಿದೆ. ಆರ್‌ಸಿಯಲ್ಲಿ ಇರುವುದಕ್ಕೂ ಕಣ್ಣಿಗೆ ಕಾಣುವುದಕ್ಕೂ ತಾಳೆಯಾಗಬೇಕು ಅನ್ನುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಸಾರ. ಪೂರ್ತಿ ಮೈಯ ಬಣ್ಣ ಬದಲಿಸುವುದಾದರೆ ಮೊದಲೇ ಜಯನಗರದ ಆರ್‌ಟಿಒಗೆ ಹೋಗಿ ವಿಚಾರಿಸಿ ಅನುಮತಿ ಪಡೆ, ಮಾಡಿಸಿದ ಮೇಲೆ 14 ದಿನದೊಳಗೆ ತಿಳಿಸಿ ಆರ್‌ಸಿ ತಿದ್ದಿಸು. ಸಾಲ ಬಾಕಿ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕಾಗುತ್ತದೆ. ಎರಡು ದಿನ ಓಡಾಟ ಆಗುತ್ತದೆ, ಆಗಲಿ. ಕಾರು ಕಳವಾದರೆ, ಅಪಘಾತವಾದರೆ, ಪೊಲೀಸರೂ ವಿಮೆಯವರೂ ಮೊದಲು ಹೋಲಿಸಿ ನೋಡುವುದು ಬಣ್ಣವನ್ನು. ವಿಮೆ ಕಂಪನಿಗೂ ಬರಹದಲ್ಲಿ ತಿಳಿಸು. ಡಿಕ್ಕಿಯಾದರೆ ಫಿಲ್ಮಿನ ದುಡ್ಡು ಕೊಡುತ್ತಾರೋ ಬರೀ ಪೇಂಟಿನದ್ದೋ ಅಂತ ಈಗಲೇ ಕೇಳಿಟ್ಟುಕೊ. ಗಾಜಿನ ಮೇಲೆ ಮಾತ್ರ ಕೈ ಹಾಕಬೇಡ. ಕಪ್ಪು ಫಿಲ್ಮಿನ ಬಗ್ಗೆ ಸುಪ್ರೀಂ ಕೋರ್ಟ್ 2012ರ ಏಪ್ರಿಲಿನಲ್ಲಿ ಕೊಟ್ಟ ಆದೇಶದ ಬಿಸಿ ಈ ಊರಿನ ಎಲ್ಲ ಕಾರಿನವರಿಗೂ ತಟ್ಟಿದೆ.

ಹೊದಿಸಿದ ಮೇಲೆ ನೋಡಿಕೊಳ್ಳುವ ಮಾತು. ಬೆಂಗಳೂರು ತಂಪು ಅಂತ ನಂಬಿ ಕೂರಬೇಡ. ಊರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಬಿಸಿಲಿಗೆ ಸೆಕೆ ಕಡಿಮೆಯಾದರೂ ಚುರುಕು ಹೆಚ್ಚು. ಕಂಪನಿಯವರು ಹೇಳುವ ಐದಾರು ವರ್ಷದ ಆಯುಸ್ಸು ಬಾಗಿಲಿನಂಥ ನಿಂತ ಮೈಗೆ. ಬಾನೆಟ್ಟು, ಟಾಪು ಆಕಾಶಕ್ಕೆ ಮುಖ ಮಾಡಿ ಮಲಗಿರುತ್ತವೆ, ಅಲ್ಲಿ ಬೇಗ ಸವೆಯುತ್ತದೆ. ನಮ್ಮ ಕಡೆಯ ಬೀದಿಗಳಲ್ಲಿ ಮರ ಜಾಸ್ತಿ. ಹೊಂಗೆ ಹೂವು ಉದುರುವ ಕಾಲಕ್ಕೆ, ಮಳೆಮರದಿಂದ ಜಿಗುಟು ತೊಟ್ಟಿಕ್ಕುವ ಕಾಲಕ್ಕೆ, ಕಾರನ್ನು ಅದರ ಕೆಳಗೆ ವಾರಗಟ್ಟಲೆ ಬಿಡಬೇಡ. ಕೆರೆಗೆ ಬರುವ ಕೊಕ್ಕರೆ, ನೀರುಕಾಗೆಗಳ ಹಿಕ್ಕೆ ಬಿದ್ದರೆ ಅವತ್ತೇ ಒದ್ದೆ ಬಟ್ಟೆ ಹಾಕಿ ನೆನೆಸಿ ಒರೆಸು, ಒಣಗಿದ್ದನ್ನು ಕೆರೆಯಬೇಡ. ಬೋರ್‌ವೆಲ್ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಮ್ಯಾಟ್ ಫಿಲ್ಮಿನ ಮೇಲೆ ಬಿಳಿ ಚುಕ್ಕೆ ಕೂರುತ್ತದೆ. ಮ್ಯಾಟಿಗೆ ಪಾಲಿಶ್ ಹಾಕಿ ಅದನ್ನು ತೆಗೆಯಲು ಆಗುವುದಿಲ್ಲ. ಆಯುಧ ಪೂಜೆಗೆ ಕುಂಕುಮ, ಅರಿಶಿನವನ್ನು ಗಾಜಿಗೆ ಇಟ್ಟು ಪೂಜೆ ಮಾಡು, ಫಿಲ್ಮಿಗೆ ಹಚ್ಚಬೇಡ. ಅಜ್ಜಿಗೆ ನಾನು ಹೇಳುತ್ತೇನೆ. ಗಣೇಶನನ್ನು ಬಿಡುವ ದಿನಗಳಲ್ಲಿ ಕೆರೆಯ ಕಲ್ಯಾಣಿ ಸುತ್ತ ಜನ, ಟೆಂಪೊ, ಟ್ರ್ಯಾಕ್ಟರು ಒತ್ತಾಗಿ ನುಗ್ಗುತ್ತವೆ. ಅವತ್ತು ಕಾರನ್ನು ಗೇಟಿನೊಳಗೇ ಇಡು.

ಅವಧಿ ಮುಗಿದ ಮೇಲೆ ದುಡ್ಡು ಉಳಿಸಲು ಇನ್ನೆರಡು ವರ್ಷ ಎಳೆಯಬೇಡ. ಬಿಸಿಲಿಗೆ ಒಣಗಿದ ಫಿಲ್ಮ್ ಇಡಿಯಾಗಿ ಬರುವುದಿಲ್ಲ, ಉಗುರಗಲ ಚೂರುಚೂರಾಗಿ ಮುರಿಯುತ್ತದೆ, ಅಂಟು ಕೆಳಗೇ ಉಳಿಯುತ್ತದೆ. ಕಿತ್ತ ಫಿಲ್ಮನ್ನು ಖಾಲಿ ಸೈಟಿನಲ್ಲಿ ಗುಡ್ಡೆ ಹಾಕಿ ಸುಡುವುದನ್ನು ಕಂಡಿದ್ದೇನೆ. ಅದು ಪಿವಿಸಿ, ಸುಟ್ಟರೆ ವಿಷದ ಹೊಗೆ. ನನ್ನ ಎದೆಗೆ ಹೋದ ವಿಷ ಸಾಕು. ನಿಮ್ಮ ಬೀದಿಯ ಮಕ್ಕಳಿಗೆ ಅದು ಬೇಡ. ಕಸದವರಿಗೆ ಬೇರೆಯಾಗಿ ಕಟ್ಟಿ ಕೊಡು.

ನಿನ್ನ ಕಾರಿನ ಬಗ್ಗೆ ನನ್ನ ತೀರ್ಮಾನ ಇಷ್ಟು. ಅದಕ್ಕೆ ಈಗ ಫಿಲ್ಮ್ ಬೇಡ. ಹಿಂದಿನ ಎಡ ಬಾಗಿಲಿನ ಕೆಳ ಅಂಚು ಕತ್ತರಿಸಿ ಹೊಸ ತಗಡು ಬೆಸೆಸು. ಟಾಪು, ಆ ಬಾಗಿಲು, ಈ ಎರಡಕ್ಕೆ ಒಳ್ಳೆಯ ಬೂತ್ ಇರುವ ಕಡೆ ಅದೇ ಕೆಂಪನ್ನು ಹೊಡೆಸು. ಕಾರಿನ ಮೈಮೇಲಿನ ಪ್ಲೇಟಿನಲ್ಲಿ ಬಣ್ಣದ ಕೋಡ್ ಇರುತ್ತದೆ, ಅದನ್ನು ನೋಡಿಯೇ ಬೆರೆಸಲಿ. ಹೊಡೆಯುವ ಹುಡುಗನ ಮುಖಕ್ಕೆ ಸರಿಯಾದ ಮಾಸ್ಕ್ ಇದೆಯೇ ನೋಡು, ಇಲ್ಲದ ಶೆಡ್ಡಿಗೆ ಕೊಡಬೇಡ. ಉಳಿದ ಮೈಗೆ ರಬ್ಬಿಂಗ್ ಪಾಲಿಶ್ ಸಾಕು, ಅದರ ಬಣ್ಣ ಇನ್ನೂ ಜೀವಂತವಾಗಿದೆ. ಒಂದು ವರ್ಷ ಓಡಿಸು. ಆಗಲೂ ಬಣ್ಣ ಬದಲಿಸುವ ಆಸೆ ಉಳಿದಿದ್ದರೆ ಆರ್‌ಟಿಒ ಒಪ್ಪಿಗೆ ಪಡೆದು ನಿನಗೆ ಇಷ್ಟವಾದ ಬಣ್ಣದ ಕಾಸ್ಟ್ ಫಿಲ್ಮ್ ಹೊದಿಸು. ಅವತ್ತು ನಾನೂ ಬಂದು ಅಂಚು ಮಡಚುವುದನ್ನು ನಿಂತು ನೋಡುತ್ತೇನೆ.

ಬರುವ ಭಾನುವಾರ ಎಂಟು ಗಂಟೆಯೊಳಗೆ, ಬಿಸಿಲು ಏರುವ ಮುನ್ನ, ಕಾರು ತೊಳೆದು ತಾ. ಅಯಸ್ಕಾಂತ ನನ್ನ ಹತ್ತಿರ ಇದೆ.